ನಿತ್ಯದ ಬದುಕು ಮತ್ತು ನೆಮ್ಮದಿ

ಸುಖವು ಯಾವುದರಲ್ಲಿದೆ ಎಂದು ಕೇಳಿದರೆ ಬಹುಮಂದಿ ಸಂಪತ್ತು, ಅಧಿಕಾರ, ಕೀರ್ತಿಗಳ ಹೆಸರನ್ನು ಹೇಳುತ್ತಾರೆ. ಅವು ದೊರೆತಾಗ ಸಂತೋಷವಾಗುವುದೂ ನಿಜ. ಆದರೆ ಅಂಥ ಪ್ರಸಂಗಗಳು ಒಬ್ಬ ಮನುಷ್ಯನ ಆಯುಷ್ಯದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಉಳಿದ ಸಾವಿರಾರು ದಿನಗಳು ಏಳುವುದು, ಮೀಯುವುದು, ಉಣ್ಣುವುದು, ದುಡಿಯುವುದು, ನಾಲ್ಕು ಮಾತನಾಡಿ ಮಲಗುವುದು, ಇವುಗಳಲ್ಲಿಯೇ ಕಳೆಯುತ್ತವೆ. ಉಸಿರಾಡುವ ಗಾಳಿ ಎಂಥದು, ಕುಡಿಯುವ ನೀರು ಎಲ್ಲಿಯದು, ದುಡಿಯಲು ಕುಳಿತಲ್ಲಿ ಬೆಳಕಿದೆಯೇ, ಸಂಜೆಯ ಹೊತ್ತಿಗೆ ಮಾತನಾಡಲು ಯಾರಿದ್ದಾರೆ ಎಂಬ ಸಣ್ಣ ಸಂಗತಿಗಳೇ ಆ ದಿನಗಳ ಹದವನ್ನು ನಿರ್ಧರಿಸುತ್ತವೆ. 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ. ದೇಹ, ಮನಸ್ಸು ಮತ್ತು ಸಾಮಾಜಿಕ ಜೀವನ ಮೂರೂ ಕ್ಷೇಮವಾಗಿರುವುದೇ ಆರೋಗ್ಯ ಎಂದು ವಿವರಿಸಿತು. ಈ ಮೂರರಲ್ಲಿ ಕಡೆಯದನ್ನು ಜನ ಬೇಗ ಮರೆಯುತ್ತಾರೆ.

ಸುತ್ತಣ ಪರಿಸರವು ದೇಹದ ಮೇಲೆ ಎಷ್ಟು ಸೂಕ್ಷ್ಮವಾಗಿ ಪರಿಣಾಮ ಬೀರುತ್ತದೆ ಎಂಬುದನ್ನು ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸರು ಒಂದು ಸರಳ ಹೋಲಿಕೆಯಿಂದ ತೋರಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಆರಿಸಿಕೊಂಡರು. ಅವರಲ್ಲಿ 23 ಜನರ ಕೋಣೆಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದ 23 ಜನರ ಕಿಟಕಿಗೆ ಎದುರಾಗಿದ್ದುದು ಬರಿಯ ಇಟ್ಟಿಗೆಯ ಗೋಡೆ. ಚಿಕಿತ್ಸೆ ಒಂದೇ ಬಗೆಯದು. ಆದರೂ ಮರಗಳನ್ನು ಕಾಣುತ್ತಿದ್ದವರು ಬೇಗ ಚೇತರಿಸಿಕೊಂಡು ಮನೆಗೆ ತೆರಳಿದ್ದರು. ನೋವು ತಡೆಯುವ ತೀಕ್ಷ್ಣ ಔಷಧಗಳು ಅವರಿಗೆ ಕಡಿಮೆ ಬೇಕಾಗಿದ್ದವು. 1984ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು; ಒಂದೇ ಆಸ್ಪತ್ರೆಗೆ ಸೇರಿದ್ದು. ಅದರಿಂದ ಭಾರಿ ಸಿದ್ಧಾಂತವನ್ನು ಕಟ್ಟುವುದು ಸಲ್ಲದು. ಆದರೆ ಒಂದು ಕಿಟಕಿಯೇ ಇಷ್ಟು ಮಾಡಬಲ್ಲುದಾದರೆ, ವರ್ಷಗಟ್ಟಲೆ ಮನುಷ್ಯನನ್ನು ಸುತ್ತುವರಿದಿರುವ ನೆಲ, ನೀರು, ಕಸುಬುಗಳು ಎಷ್ಟು ಮಾಡಲಾರವು?

ಇದನ್ನು ನೋಡಲು ಅಮೆರಿಕದವರೆಗೆ ಹೋಗಬೇಕಾದುದಿಲ್ಲ. ಬೆಳಗಾವಿ ಜಿಲ್ಲೆಯ ಗಡಿಯಂಚಿನಲ್ಲಿ, ಮೊದಲು ಚಿಕ್ಕೋಡಿ ತಾಲೂಕಿಗೆ ಸೇರಿದ್ದು ಈಗ ನಿಪ್ಪಾಣಿ ತಾಲೂಕಿನಲ್ಲಿರುವ ಬೇಡಕಿಹಾಳ ಎಂಬ ಊರಿದೆ. ಸಹ್ಯಾದ್ರಿಯಿಂದ ಇಳಿದು ಬರುವ ವೇದಗಂಗಾ ಮತ್ತು ದೂಧಗಂಗಾ ನದಿಗಳು ಈ ಸೀಮೆಯ ಭೋಜ ಗ್ರಾಮದ ಬಳಿ ಕೂಡಿ, ಮುಂದೆ ಕೃಷ್ಣೆಯನ್ನು ಸೇರುತ್ತವೆ. ನೆಲ ಎರೆಮಣ್ಣಿನದು. ಜೋಳ, ಶೇಂಗಾ, ಸೋಯಾ ಅವರೆಗಳ ಜೊತೆಗೆ ತಂಬಾಕು ಮತ್ತು ಕಬ್ಬು ಇಲ್ಲಿಯ ಹಣದ ಬೆಳೆಗಳು. ಜನ ಕನ್ನಡವನ್ನೂ ಮರಾಠಿಯನ್ನೂ ಆಡುತ್ತಾರೆ. ನಿಪ್ಪಾಣಿಯಿಂದ ರಾಯಬಾಗ, ಅಥಣಿ, ಕಾಗವಾಡಗಳವರೆಗೂ ಹಳ್ಳಿಹಳ್ಳಿಗಳಲ್ಲಿ ಜೈನ ಒಕ್ಕಲು ಮನೆತನಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯವನ್ನಿತ್ತ ಆಚಾರ್ಯ ಶಾಂತಿಸಾಗರರು (1872-1955) ಭೋಜದ ಅಂಥದೊಂದು ಮನೆತನದವರು.

ಆ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಒಂದು ಪದ್ಧತಿ ಗಮನಿಸತಕ್ಕದ್ದು. ಬಾವಿಯಿಂದಾಗಲಿ ಹೊಳೆಯಿಂದಾಗಲಿ ತಂದ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಕೊಡದ ಬಾಯಿಗೆ ಬಟ್ಟೆಯನ್ನು ಹೊದಿಸಿ ನೀರು ಹೊಯ್ಯುವುದು ಹೆಂಗಸರಿಗೆ ಉಸಿರಾಡುವಷ್ಟೇ ಸಹಜವಾದ ಕೆಲಸ. ಇದರ ಉದ್ದೇಶ ಆರೋಗ್ಯವಲ್ಲ, ಅಹಿಂಸೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಮನುಷ್ಯನ ಬಾಯಿಗೆ ಬಿದ್ದು ಸಾಯಬಾರದೆಂಬ ಎಚ್ಚರ ಅದು. ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲಿಬಿಡದೆ, ತಂದ ನೀರಿನ ನೆಲೆಗೇ ಮರಳಿ ಬಿಡಬೇಕೆಂಬ ನಿಯಮವೂ ಉಂಟು. ಜೀವಿಗಳನ್ನು ಉಳಿಸಲು ಹೊರಟ ಬಟ್ಟೆ ಮನುಷ್ಯನನ್ನೂ ಉಳಿಸಿತೆಂಬುದು ವಿಜ್ಞಾನಕ್ಕೆ ತಿಳಿದುದು ಬಹಳ ತಡವಾಗಿ.

ಇದಕ್ಕೆ ನಾರುಹುಣ್ಣಿನ ಕಥೆಯೇ ಉತ್ತಮ ನಿದರ್ಶನ. ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕದಾದ ಸೈಕ್ಲಾಪ್ಸ್ ಎಂಬ ಜಲಜೀವಿಯ ಹೊಟ್ಟೆಯಲ್ಲಿ ನಾರುಹುಳುವಿನ ಮರಿ ಇರುತ್ತದೆ. ಆ ನೀರನ್ನು ಕುಡಿದವನಿಗೆ ಆಗ ಏನೂ ತಿಳಿಯದು. ಸುಮಾರು ಒಂದು ವರ್ಷದ ಮೇಲೆ ಅವನ ಕಾಲಿನಲ್ಲಿ ಬೊಬ್ಬೆಯೊಂದು ಎದ್ದು, ಬೆಂಕಿಯಂತೆ ಉರಿದು, ಒಡೆದು, ಮೊಳಕ್ಕಿಂತ ಉದ್ದವಾದ ಬಿಳಿಯ ಹುಳು ಹೊರಚಾಚುತ್ತದೆ. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟು ಎಂದು ವಾರಗಟ್ಟಲೆ ಎಳೆಯಬೇಕು. ಉರಿ ತಾಳಲಾರದೆ ರೋಗಿಯು ಮೆಟ್ಟಿಲುಬಾವಿಗೆ ಇಳಿದು ಕಾಲನ್ನು ನೀರಿನಲ್ಲಿ ಇಟ್ಟನೆಂದರೆ ಹುಳು ತನ್ನ ಮರಿಗಳನ್ನು ಆ ನೀರಿಗೇ ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ಬಾವಿಯ ಮೆಟ್ಟಿಲು ಎಂಬ ಪರಿಸರವೂ, ಕಾಲನ್ನು ನೀರಿಗಿಡುವ ಹಾಗೂ ಸೋಸದೆ ಕುಡಿಯುವ ಅಭ್ಯಾಸಗಳೂ ಕೂಡಿದರೆ ಮಾತ್ರ ಈ ರೋಗಕ್ಕೆ ಬಾಳುವೆ. ಮೂರರಲ್ಲಿ ಯಾವುದೊಂದನ್ನು ತಪ್ಪಿಸಿದರೂ ಸರಪಣಿ ಕಡಿಯುತ್ತದೆ.

ಈ ರೋಗಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಭಾರತದಲ್ಲಿ 1980ರ ದಶಕದ ಆರಂಭದಲ್ಲಿ ನಿರ್ಮೂಲನ ಕಾರ್ಯಕ್ರಮ ತೊಡಗಿದಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ರೋಗ ನೆಲೆಸಿತ್ತು. 1984ರಲ್ಲಿ ದೇಶದಲ್ಲಿ ಎಣಿಸಲಾದ ರೋಗಿಗಳು ಸುಮಾರು 40 ಸಾವಿರ. ಮೆಟ್ಟಿಲುಬಾವಿಗಳನ್ನು ಮುಚ್ಚಿ ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಕೊಳವೆಬಾವಿಗಳನ್ನು ಕೊರೆಯಲಾಯಿತು, ನೀರಿಗೆ ಔಷಧ ಹಾಕಲಾಯಿತು, ಮನೆಮನೆಗೂ ಸೋಸುವ ಬಟ್ಟೆ ಹಂಚಲಾಯಿತು. 1996ರಲ್ಲಿ ಕಡೆಯ ರೋಗಿ ಕಾಣಿಸಿಕೊಂಡ ಮೇಲೆ, 2000ದ ಫೆಬ್ರವರಿಯಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಂದು ಮಹಾರೋಗವನ್ನು ಬಾವಿಯ ಕಟ್ಟೆ ಮತ್ತು ಬಟ್ಟೆಯ ತುಂಡುಗಳು ಗೆದ್ದ ಈ ವೃತ್ತಾಂತಕ್ಕೆ ವೈದ್ಯಚರಿತ್ರೆಯಲ್ಲಿ ಸಾಟಿ ಅಪರೂಪ.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ನಡೆದ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಹಲವು ಹಳ್ಳಿಗಳ ಹೆಂಗಸರಿಗೆ ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ನೀರು ಸೋಸುವ ಕ್ರಮವನ್ನು ಕಲಿಸಿದರು. ಕಾಲರಾದ ಅಣುಜೀವಿಗಳು ತಾವಾಗಿ ಬಟ್ಟೆಗೆ ಸಿಕ್ಕದಷ್ಟು ಚಿಕ್ಕವಾದರೂ ನೀರಿನಲ್ಲಿ ತೇಲುವ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಆ ಜೀವಿಗಳೊಡನೆ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಹಳೆಯದೇ ಇಲ್ಲಿ ಮೇಲು. ಒಗೆದೊಗೆದು ಅದರ ನೂಲು ಅರಳಿ ಸಂದುಗಳು ಕಿರಿದಾಗಿರುತ್ತವೆ. 2003ರಲ್ಲಿ ಪ್ರಕಟವಾದ ವರದಿಯಂತೆ ಆ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ತಗ್ಗಿತ್ತು. ಐದು ವರ್ಷಗಳ ತರುವಾಯ ಮತ್ತೆ ಹೋಗಿ ನೋಡಿದಾಗ ಹೆಚ್ಚಿನವರು ಸೋಸುವುದನ್ನು ಬಿಟ್ಟಿದ್ದರು, ಹಲವರು ಉಳಿಸಿಕೊಂಡಿದ್ದರು. ತಾವು ಸೋಸದಿದ್ದರೂ ಸೋಸುವ ಮನೆಗಳ ನೆರೆಯಲ್ಲಿದ್ದವರಿಗೆ ಕೂಡ ಕಾಲರಾದ ಬಾಧೆ ಕಡಿಮೆಯಾಗಿತ್ತು! ಒಂದು ಮನೆಯ ಅಭ್ಯಾಸವು ಪಕ್ಕದ ಮನೆಗೆ ಪರಿಸರವಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಜೈನ ಪದ್ಧತಿಯೂ ಹೀಗೆಯೇ ಅಹಿಂಸೆಯಿಂದ ಹುಟ್ಟಿದ್ದು. ಹೊತ್ತು ಮೀರಿ ಉಂಡು ಕೂಡಲೇ ಮಲಗಿದರೆ ರಕ್ತದಲ್ಲಿ ಸಕ್ಕರೆಯ ಅಂಶ ಏರಿಯೇ ಇರುತ್ತದೆಂದು ಇಂದಿನ ವೈದ್ಯರು ಹೇಳುತ್ತಾರೆ. ಮೊಬೈಲಿನ ಬೆಳಕಿನಲ್ಲಿ ನಡುರಾತ್ರಿಯನ್ನು ಕಳೆಯುವ ಈ ಕಾಲಕ್ಕೆ ಆ ಮಾತು ಹೆಚ್ಚು ಅನ್ವಯಿಸುತ್ತದೆ.

ಒಳ್ಳೆಯ ಅಭ್ಯಾಸಗಳನ್ನು ಹೊಗಳುವುದು ಸುಲಭ. ಬದುಕಿನ ದಾರಿಯೇ ಕೇಡಿನ ದಾರಿಯೂ ಆದಾಗ ವಿಷಯ ಕಠಿಣವಾಗುತ್ತದೆ. ಈ ಸೀಮೆಯಲ್ಲಿ ಅದಕ್ಕೆ ತಂಬಾಕು ಎಂದು ಹೆಸರು.

ನಿಪ್ಪಾಣಿಯ ಸುತ್ತಣ ಎರೆಭೂಮಿ ಬೀಡಿ ತಂಬಾಕಿಗೆ ಹೆಸರಾದದ್ದು. ಮಳೆಗಾಲದ ಆರಂಭದಲ್ಲಿ ಮಡಿಗಳಲ್ಲಿ ಸಸಿ ಬೆಳೆಸಿ, ಹೊಲಕ್ಕೆ ನಾಟಿ ಮಾಡಿ, ಗಿಡ ಬೆಳೆದ ಮೇಲೆ ತುದಿಯ ಕುಡಿಯನ್ನೂ ಕಂಕುಳ ಚಿಗುರುಗಳನ್ನೂ ಕೈಯಿಂದ ಚಿವುಟುತ್ತಾರೆ. ಎಲೆಯ ಅಂಟು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಇಬ್ಬನಿಯಿಂದ ತೊಯ್ದ ಹಸಿ ಎಲೆಯಲ್ಲಿ ಕೆಲಸ ಮಾಡುವವರ ಚರ್ಮದ ಮೂಲಕವೇ ನಿಕೋಟಿನ್ ಒಳಸೇರಿ ತಲೆಸುತ್ತು, ವಾಕರಿಕೆ, ವಾಂತಿಗಳನ್ನು ತರುತ್ತದೆ. ವೈದ್ಯರು ಇದನ್ನು ಹಸಿರು ತಂಬಾಕಿನ ಬೇನೆ ಎನ್ನುತ್ತಾರೆ. ಒಂದು ಬೀಡಿಯನ್ನೂ ಸೇದದ ಕೂಲಿಯವಳಿಗೂ ಹೀಗೆ ತಂಬಾಕಿನ ವಿಷ ಏರಬಹುದು. ಕೈಗವಸು ತೊಟ್ಟರೆ, ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಹೊತ್ತೇರಿದ ಮೇಲೆ ಕೆಲಸಕ್ಕೆ ಬರುವ ಸ್ವಾತಂತ್ರ್ಯ ಕೂಲಿಯವಳಿಗಿರಬೇಕಲ್ಲ!

ಒಣಗಿದ ಬೆಳೆ ವಖಾರಿಗಳನ್ನು ಸೇರುತ್ತದೆ. ಅಲ್ಲಿ ಎಲೆಯನ್ನು ಪುಡಿಮಾಡಿ, ಕಡ್ಡಿ ತೆಗೆದು, ಜರಡಿ ಹಿಡಿಯುವವರು ಬಹುತೇಕ ಹೆಂಗಸರು. ಜರಡಿ ಆಡಿದಂತೆ ಎದ್ದ ಧೂಳು ಮೂಗು, ಗಂಟಲು, ಕಣ್ಣುಗಳನ್ನು ತುಂಬುತ್ತದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡರೂ ಕೆಮ್ಮು ಬಿಡದು. 1980ರ ಸುಮಾರಿಗೆ ನಿಪ್ಪಾಣಿಯ ಈ ಸ್ತ್ರೀಯರು ಸಂಘ ಕಟ್ಟಿಕೊಂಡು ಮುಷ್ಕರ ಹೂಡಿದರು. ಯುಗಾಂತರ ಎಂಬ ಮಹಿಳಾ ಚಿತ್ರತಂಡವು 1982ರಲ್ಲಿ ಅವರ ಹೋರಾಟವನ್ನು ಕುರಿತು 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರವನ್ನು ತಯಾರಿಸಿತು. ಅದಕ್ಕೆ ಮುನ್ನ 1981ರ ಮಾರ್ಚಿಯಲ್ಲಿ ತಂಬಾಕಿನ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಶರದ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಹೆದ್ದಾರಿಯನ್ನು ತಡೆದಿದ್ದರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಬೆಳೆದವನಿಗೆ ಬೆಲೆಯ ಚಿಂತೆ, ಜರಡಿ ಹಿಡಿದವಳಿಗೆ ಕೂಲಿಯ ಮತ್ತು ಉಸಿರಿನ ಚಿಂತೆ. ಒಂದೇ ಎಲೆಯನ್ನು ನಂಬಿದವರ ಕಷ್ಟಗಳೂ ಒಂದೇ ಬಗೆಯವಲ್ಲ.

ಮೂರನೆಯ ನೆಲೆ ಮನೆ. ಬೀಡಿ ಕಟ್ಟುವ ಹೆಂಗಸು ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಪುಡಿ ಹಾಕಿ, ಸುತ್ತಿ, ತುದಿ ಮಡಿಸಿ, ದಾರ ಸುತ್ತುತ್ತಾಳೆ. ದಿನಕ್ಕೆ ಆರುನೂರರಿಂದ ಸಾವಿರ ಬೀಡಿಗಳೆಂದರೆ ಬಾಗಿದ ಬೆನ್ನು ನೇರವಾಗುವ ಅವಕಾಶವೇ ಇಲ್ಲ. ಈ ಕೆಲಸಕ್ಕೆ ಅದರದೇ ಅನುಕೂಲವೂ ಇದೆಯೆಂಬುದನ್ನು ಮರೆಯಬಾರದು. ಮನೆ ಬಿಟ್ಟು ಹೋಗಬೇಕಾಗಿಲ್ಲ; ತೊಟ್ಟಿಲನ್ನೂ ಒಲೆಯನ್ನೂ ನೋಡಿಕೊಳ್ಳುತ್ತ ನಾಲ್ಕು ಕಾಸು ಸಂಪಾದಿಸಬಹುದು; ಆ ಕಾಸು ಅವಳ ಕೈಯಲ್ಲಿಯೇ ಉಳಿದು ಮಕ್ಕಳ ಪುಸ್ತಕ, ಬಟ್ಟೆಗಳಿಗೆ ಆಗುತ್ತದೆ. ಆದರೆ ಮೊರವಿರುವ ಕೋಣೆಯಲ್ಲಿಯೇ ಮಗು ಮಲಗುತ್ತದೆ, ಅಡುಗೆಯಾಗುತ್ತದೆ, ಊಟ ನಡೆಯುತ್ತದೆ. ಕಾರ್ಖಾನೆಯಲ್ಲಿದ್ದರೆ ಸಂಜೆಗೆ ಬಿಟ್ಟು ಬರಬಹುದಾಗಿದ್ದ ಧೂಳು ಇಲ್ಲಿ ಮನೆಯ ಗಾಳಿಯೇ ಆಗಿಬಿಡುತ್ತದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ ಕಾಯಿದೆ ಬಂದಿತು. 1976ರಲ್ಲಿ ಅವರ ಕಲ್ಯಾಣನಿಧಿಗಾಗಿ ಇನ್ನೊಂದು ಬಂದಿತು. ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಮೊದಲಾದ ಸೌಕರ್ಯಗಳು ಇದರಿಂದ ದೊರೆತುವು. ಆದರೆ ಕಾಯಿದೆಯ ಕಣ್ಣು ಕಾರ್ಖಾನೆಯ ಬಾಗಿಲನ್ನು ಕಂಡಷ್ಟು ಸ್ಪಷ್ಟವಾಗಿ ಮನೆಯ ಬಾಗಿಲನ್ನು ಕಾಣಲಾರದು.

ಕಟ್ಟಿದ ಬೀಡಿಯನ್ನು ಸೇದುವವನ ಪಾಡಂತೂ ತಿಳಿದದ್ದೇ. ಬೀಡಿಯಲ್ಲಿ ಸಿಗರೇಟಿಗಿಂತ ಕಡಿಮೆ ತಂಬಾಕಿದ್ದರೂ ಅದು ಕಡಿಮೆ ಕೆಡುಕಿನದಲ್ಲ. ಸುತ್ತಿದ ಎಲೆಯಲ್ಲಿ ಗಾಳಿ ಸುಲಭವಾಗಿ ಆಡದು. ಕಿಡಿ ಆರದಿರಲು ಮತ್ತೆಮತ್ತೆ ಜೋರಾಗಿ ಎಳೆಯಬೇಕು. ಹೀಗೆ ಹೊಗೆಯ ಜಿಡ್ಡೂ ನಿಕೋಟಿನ್ನೂ ಸಿಗರೇಟಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿಯೇ ಒಳಸೇರುತ್ತವೆ. ಈ ಚಟ ಯಾರಲ್ಲಿಯೂ ಪುಸ್ತಕ ಓದಿ ಹುಟ್ಟಿದ್ದಲ್ಲ. ಕಟ್ಟೆಯ ಮೇಲೆ ಕುಳಿತ ಹಿರಿಯರ ಕೈ ನೋಡಿ, ಗೆಳೆಯ ಚಾಚಿದ ಬೀಡಿಯನ್ನು ಬೇಡವೆನ್ನಲಾರದೆ ಆರಂಭವಾದದ್ದು. ಅದನ್ನು ಬಿಡಿಸುವುದರಲ್ಲಿಯೂ ಒಬ್ಬನ ಮನೋಬಲಕ್ಕಿಂತ ಸುತ್ತಲಿನ ಬದಲಾವಣೆಯೇ ಹೆಚ್ಚು ಕೆಲಸ ಮಾಡಿದೆ. 2003ರ ಕಾಯಿದೆ, 2008ರ ಅಕ್ಟೋಬರ್ 2ರಿಂದ ಬಸ್ಸು, ಕಚೇರಿ, ಉಪಾಹಾರಗೃಹಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಬಿಗಿಯಾದ ಧೂಮಪಾನ ನಿಷೇಧ, ಪೊಟ್ಟಣಗಳ ಮೇಲಿನ ಎಚ್ಚರಿಕೆಯ ಚಿತ್ರಗಳು, ಇವು ಸೇದುವವನ ಪರಿಸರವನ್ನೇ ಬೇರೆ ಮಾಡಿದವು. ದೇಶದ ವಯಸ್ಕರಲ್ಲಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುವವರು 2009-10ರ ಸಮೀಕ್ಷೆಯಲ್ಲಿ ಶೇಕಡ 34.6 ಇದ್ದುದು, 2016-17ರ ಸಮೀಕ್ಷೆಯಲ್ಲಿ 28.6ಕ್ಕೆ ಇಳಿದಿತ್ತು. ಆ ಇಳಿಕೆ ದೇಶಕ್ಕೆ ಶುಭವಾರ್ತೆ. ಬೀಡಿ ಕಟ್ಟುವವಳ ಮೊರಕ್ಕೆ ಬೀಳುವ ಎಲೆಯೂ ಅಷ್ಟು ಕಡಿಮೆಯಾದೀತೆಂಬುದು ಅದರ ಇನ್ನೊಂದು ಮುಖ. ಅವಳಿಗೆ ಮನೆಯಲ್ಲಿಯೇ ಕುಳಿತು ಮಾಡಬಲ್ಲ ಬೇರೊಂದು ಕೆಲಸ ದೊರೆಯದೆ, ಧೂಳಿನ ಕಸುಬನ್ನು ಬಿಡೆಂದು ಹೇಳುವುದು ಹಸಿದವನಿಗೆ ಪಥ್ಯ ಹೇಳಿದಂತೆ.

ಅಡುಗೆಮನೆಯ ಹೊಗೆಯ ವಿಷಯದಲ್ಲಿ ಪರಿಹಾರ ಹೆಚ್ಚು ಸುಗಮವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಹೊಗೆಕೊಳವೆಯುಳ್ಳ, ಸೌದೆಯನ್ನು ಉಳಿಸುವ ಒಲೆಯನ್ನು ರೂಪಿಸಿತು. 'ಅಸ್ತ್ರ ಒಲೆ' ಎಂಬ ಹೆಸರಿನಿಂದ ಅದು ಕರ್ನಾಟಕದ ಹಳ್ಳಿಗಳನ್ನು ಹೊಕ್ಕಿತು. ಈಗ ಬಹಳ ಮನೆಗಳಿಗೆ ಅನಿಲದ ಒಲೆ ಬಂದಿದೆ. ಆದರೂ ಸಿಲಿಂಡರಿನ ಬೆಲೆ ಏರಿದಾಗ ಕೆಲವು ಮನೆಗಳಲ್ಲಿ ಹಿತ್ತಲ ಮೂಲೆಯ ಹಳೆಯ ಒಲೆ ಮತ್ತೆ ಉರಿಯುವುದುಂಟು.

ಕಬ್ಬಿನ ವಿಷಯ ಬೇರೆ. ಒಂದು ವರ್ಷಕ್ಕೂ ಮೀರಿ ಹೊಲದಲ್ಲಿ ನಿಲ್ಲುವ ಈ ಬೆಳೆಗೆ ನೀರು ಧಾರಾಳವಾಗಿ ಬೇಕು. ನೀರು ಹೆಚ್ಚಾದಷ್ಟೂ ಬೆಳೆ ಹೆಚ್ಚೆಂಬ ನಂಬಿಕೆಯಿಂದ ಎರೆಹೊಲಕ್ಕೆ ವರ್ಷಾನುವರ್ಷ ನೀರು ಹಾಯಿಸಿದುದರ ಫಲವಾಗಿ ಕೃಷ್ಣಾತೀರದ ಅನೇಕ ಹೊಲಗಳು ಸವಳು-ಜವಳಾಗಿವೆ. ನೆಲದೊಳಗಿನ ಉಪ್ಪು ಮೇಲೆದ್ದು ಮಣ್ಣಿನ ಮೈ ಬೆಳ್ಳಗಾಗುತ್ತದೆ. ಇಲ್ಲಿಯೂ ಒಬ್ಬನು ಹಾಯಿಸಿದ ನೀರು ಕೆಳಗಿನ ಹೊಲದವನ ನೆಲವನ್ನು ಕೆಡಿಸುತ್ತದೆ. ಬಸಿಗಾಲುವೆಯನ್ನು ತೋಡಬೇಕಾದರೂ ಇಬ್ಬರೂ ಒಪ್ಪಿಯೇ ತೋಡಬೇಕು.

ನೆಮ್ಮದಿಗೆ ಗಾಳಿ, ನೀರು, ಅನ್ನಗಳಷ್ಟೇ ಸಾಲವು, ಜನ ಬೇಕು. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತೊಡಗಿದ ಅಧ್ಯಯನವೊಂದು ನೂರಾರು ಪುರುಷರ ಜೀವನವನ್ನು ಯೌವನದಿಂದ ಮುಪ್ಪಿನವರೆಗೂ ಹಿಂಬಾಲಿಸಿತು. ಮುಪ್ಪಿನಲ್ಲಿ ಆರೋಗ್ಯವಾಗಿಯೂ ತೃಪ್ತರಾಗಿಯೂ ಉಳಿದವರಲ್ಲಿ ಹೆಚ್ಚಿನವರು ಹಣವಂತರಲ್ಲ, ಆಪ್ತರಾದ ಜನರುಳ್ಳವರು ಎಂಬುದು ಅದರಲ್ಲಿ ಕಂಡುಬಂದ ಮುಖ್ಯ ಸಂಗತಿ. ಚಿಕ್ಕೋಡಿ ಸೀಮೆಯ ಗರಡಿಮನೆಗಳು ಈ ಆಪ್ತತೆಗೆ ಒಂದು ನೆಲೆ. ನೆರೆಯ ಕೊಲ್ಲಾಪುರದ ಶಾಹು ಮಹಾರಾಜರು ಕುಸ್ತಿಗೆ ವಿಶೇಷ ಆಶ್ರಯವಿತ್ತು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಅದರ ಪ್ರಭಾವ ಗಡಿಯ ಈಚೆಗೂ ಹರಡಿತು. ಗರಡಿಯ ಹುಡುಗ ನಸುಕಿನಲ್ಲಿ ಏಳಬೇಕು, ಕೆಮ್ಮಣ್ಣನ್ನು ಹದಗೊಳಿಸಬೇಕು, ಹೊಟ್ಟೆ ತುಂಬ ಉಣ್ಣಬೇಕು, ವಸ್ತಾದರ ಕಣ್ಣಿಗೆ ಅಂಜಬೇಕು. ಬೀಡಿಗೆ ಅಲ್ಲಿ ಪ್ರವೇಶವಿಲ್ಲ. ಅದೇ ಹುಡುಗ ಒಬ್ಬನೇ ಮನೆಯಲ್ಲಿ ಸಾಮು ಮಾಡಲು ಹೊರಟರೆ ನಾಲ್ಕು ದಿನ ನಡೆದೀತು. ಜೊತೆಯವರು ಬಾಗಿಲು ಬಡಿದು ಎಬ್ಬಿಸುವುದರಿಂದಲೇ ಅದು ವರ್ಷಗಟ್ಟಲೆ ನಡೆಯುತ್ತದೆ.

ಇವೆಲ್ಲವೂ ಒಮ್ಮೆಗೇ ಕೈತಪ್ಪಿದಾಗ ಏನಾಗುತ್ತದೆಂಬುದನ್ನು ಈ ನದೀತೀರದವರು ಬಲ್ಲರು. 2005ರಲ್ಲಿ, 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈಯಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿದವು. 2019 ಮತ್ತು 2021ರಲ್ಲಿ ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಹೆದ್ದಾರಿಯನ್ನೇ ಮುಳುಗಿಸಿತು. ಜನರನ್ನು ಶಾಲೆ, ಮಂಗಲ ಕಾರ್ಯಾಲಯಗಳಲ್ಲಿ ತೆರೆದ ಕೇಂದ್ರಗಳಿಗೆ ಸಾಗಿಸಲಾಯಿತು. ಅಂಥ ಕೇಂದ್ರಗಳಲ್ಲಿ ಅನ್ನ, ಹೊದಿಕೆ, ಔಷಧಗಳಿಗೆ ಕೊರತೆಯಾಗದಿದ್ದರೂ ಮನಸ್ಸು ನೆಲೆಗೊಳ್ಳುವುದಿಲ್ಲ. ಹಾಲು ಕರೆಯುವ ಹೊತ್ತಿಗೆ ಎಚ್ಚರವಾದವನಿಗೆ ಕರೆಯಲು ಎಮ್ಮೆಯಿಲ್ಲ. ರೊಟ್ಟಿ ಬಡಿಯುವ ಕೈಗೆ ಕೆಲಸವಿಲ್ಲ. ನೆರೆಯವರು ಇನ್ನೊಂದು ಊರಿನ ಶಾಲೆಯಲ್ಲಿದ್ದಾರೆ. ನೀರು ಇಳಿದ ಮೇಲೆ ಬಾವಿ, ತೊಟ್ಟಿಗಳಲ್ಲಿ ಉಳಿದ ರಾಡಿಗೆ ಸೋಸುವ ಬಟ್ಟೆಯೊಂದೇ ಸಾಲದು. ಕುದಿಸಬೇಕು, ಕ್ಲೋರಿನ್ ಬೆರೆಸಬೇಕು. ಮನೆಗೆ ಮರಳಿದವರು ಗೋಡೆಯ ಬಿರುಕನ್ನು ಲೆಕ್ಕ ಹಾಕುವ ಮೊದಲೇ ಕೆಸರನ್ನು ಬಳಿದು, ಹೊಸ್ತಿಲನ್ನು ತೊಳೆದು, ಒಲೆಯನ್ನು ನೆಟ್ಟಗೆ ಮಾಡುತ್ತಾರೆ. ಪಕ್ಕದ ಮನೆಯವರು ಬಂದರೇ ಎಂದು ಇಣುಕಿ ನೋಡುತ್ತಾರೆ.